ಒಡ್ಡಿನ ಹುಲ್ಲು, ಮಡ್ಡಿಯ ಕಂಟಿ, ಕೌಜುಗದ ಸಂಸಾರ

ಬೈಲಹೊಂಗಲದ ಎರಿಹೊಲದಿಂದ ರಾಮದುರ್ಗದ ಕಲ್ಲುಮಡ್ಡಿಯವರೆಗೆ ನೆಲದ ಹಕ್ಕಿಗಳನ್ನು ಉಳಿಸಿಕೊಳ್ಳಲು ರೈತರು, ಪಂಚಾಯಿತಿಗಳು, ಶಾಲೆಗಳು ಮಾಡಬಹುದಾದ ಕೆಲಸ

ಕೌಜುಗ ಕಡಿಮೆಯಾಗಿವೆ ಎಂಬ ಮಾತು ಬಂದರೆ ಊರ ಕಟ್ಟೆಯ ಮೇಲೆ ಮೊದಲು ಕೇಳಿಬರುವುದು ಉರುಳು ಹಾಕುವವರ ಹೆಸರು. ಆರೋಪದಲ್ಲಿ ಸುಳ್ಳಿಲ್ಲ. ಉರುಳು, ಬಲೆ, ಪಂಜರದ ಕೌಜುಗವನ್ನು ಕೂಗಿಸಿ ಹೊಲದ ಕೌಜುಗವನ್ನು ಕರೆಯುವ ಉಪಾಯ, ರಾತ್ರಿ ಬ್ಯಾಟರಿ ಬೆಳಕು ಯಾವುದೂ ಪೂರ್ತಿ ನಿಂತಿಲ್ಲ. ಆದರೂ ಎರಡು ಹಕ್ಕಿ ಹಿಡಿದುಕೊಂಡು ಹೋದ ಹೊಲದಲ್ಲಿ ಮರುವರ್ಷ ಮತ್ತೆ ಕೂಗು ಕೇಳಿಸುವುದುಂಟು. ಒಡ್ಡಿನ ಹುಲ್ಲಿಗೆ ಕಳೆನಾಶಕ ಹೊಡೆದು, ಕಂಟಿ ಕಿತ್ತು, ಕೊನೆಗೆ ಜೆಸಿಬಿ ತರಿಸಿ ಒಡ್ಡನ್ನೇ ಸಪಾಟು ಮಾಡಿದ ಹೊಲಕ್ಕೆ ಮಾತ್ರ, ಯಾರೂ ಒಂದು ಹಕ್ಕಿಯನ್ನೂ ಹಿಡಿಯದಿದ್ದರೂ, ಕೌಜುಗ ತಿರುಗಿ ಬರುವುದಿಲ್ಲ. ಬೇಟೆಯಿಂದ ಹಕ್ಕಿ ಕಡಿಮೆಯಾಗುತ್ತದೆ. ಕಡಿಮೆಯಾದದ್ದು ಮತ್ತೆ ತುಂಬಿಕೊಳ್ಳುವುದೋ ಇಲ್ಲವೋ ಎಂಬುದು ನೆಲದ ಮೇಲೆ ನಿಂತಿದೆ. ಈ ಎರಡನ್ನೂ ಒಟ್ಟಿಗೆ ನೋಡದೆ ನಮ್ಮ ಕಡೆಯ ಹಕ್ಕಿಗಳನ್ನು ಉಳಿಸುವುದು ಆಗದ ಮಾತು.

ನೆಲದ ಮೇಲೆ ಮೇಯ್ದು, ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳ ಕುರಿತು ಇಲ್ಲಿ ಹೇಳುತ್ತಿದ್ದೇನೆ. ಗೌಜಲಕ್ಕಿ ಎಂದೂ ಕರೆಯುವ ಕೌಜುಗ, ಲಾವಕ್ಕಿಗಳು, ಕಾಡುಕೋಳಿ, ಚಿಟ್ಟುಕೋಳಿ, ನವಿಲು. ಮಾಂಸಕ್ಕಾಗಿ ಮನುಷ್ಯ ಹಿಂದಿನಿಂದಲೂ ಬೆನ್ನು ಹತ್ತಿದ್ದು ಇವುಗಳನ್ನೇ. ಹೊಲ ಮತ್ತು ಮಡ್ಡಿಯ ಬದಲಾವಣೆ ಮೊದಲು ತಟ್ಟುವುದೂ ಇವಕ್ಕೇ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ

ಕಿತ್ತೂರಿನಿಂದ ರಾಮದುರ್ಗಕ್ಕೆ ಪೂರ್ವದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ನೆಲ ಬದಲಾಗುತ್ತದೆ, ಹಕ್ಕಿಯೂ ಬದಲಾಗುತ್ತದೆ. ಕಿತ್ತೂರಿನ ಪಶ್ಚಿಮದ ಅಂಚು ಮಲೆನಾಡಿನ ಸೆರಗು. ಭತ್ತದ ಗದ್ದೆ, ಸೋಯಾ, ಕಬ್ಬು, ನಡುವೆ ಕುರುಚಲು ಕಾಡಿನ ತುಣುಕುಗಳು. ಕಾಡುಕೋಳಿಗೆ ಬೇಕಾದದ್ದು ಇಂಥ ಕಾಡಿನ ಅಂಚು. ಬೈಲಹೊಂಗಲದ ಸುತ್ತ ಎರಿಭೂಮಿ: ಹತ್ತಿ, ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿ, ನೀರಾವರಿ ಬಂದಲ್ಲಿ ಕಬ್ಬು. ಮಳೆಗಾಲದಲ್ಲಿ ಹುಲ್ಲು ಎದ್ದಾಗ ಮರಿ ಮಾಡುವ ಲಾವಕ್ಕಿ, ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಲಾವಕ್ಕಿ, ಎರಡಕ್ಕೂ ಒಗ್ಗುವುದು ಇಂಥ ಬಯಲು.

ಸವದತ್ತಿಯಲ್ಲಿ ಗುಡ್ಡ ಏಳುತ್ತದೆ. ಪರಸಗಡದ ಸಾಲು, ಯಲ್ಲಮ್ಮನ ಗುಡ್ಡ, ಅದರಾಚೆ ಮಲಪ್ರಭೆ ಬಂಡೆಗಳನ್ನು ಸೀಳಿಕೊಂಡು ಹೋಗುವ ನವಿಲುತೀರ್ಥ. ಅಲ್ಲಿ 1972ರಲ್ಲಿ ಮುಗಿದ ಅಣೆಕಟ್ಟು ರೇಣುಕಾಸಾಗರವನ್ನು ಕೊಟ್ಟಿತು, ಕಾಲುವೆಗಳನ್ನು ಕೊಟ್ಟಿತು, ಒಣ ಹೊಲದ ಬೆಳೆಯ ಲೆಕ್ಕವನ್ನೇ ಬದಲಿಸಿತು. ರಾಮದುರ್ಗದ ಕಡೆ ಮರಳುಗಲ್ಲಿನ ಗುಡ್ಡಗಳು, ಶಬರಿಕೊಳ್ಳದಂಥ ಕಣಿವೆಗಳು, ಬಾರಿ, ಜಾಲಿ, ಕವಳಿ ಕಂಟಿಗಳ ಮಡ್ಡಿ. ಕಂಟಿಯ ಕೆಳಗೆ ಸಾಲಾಗಿ ಓಡುವ ಸಣ್ಣ ಲಾವಕ್ಕಿಗಳು, ಬಂಡೆಯ ಸಂದಿಯಲ್ಲಿ ಅಡಗುವ ಚಿಟ್ಟುಕೋಳಿ ಇಂಥ ಕಲ್ಲುನೆಲದ ಹಕ್ಕಿಗಳು. ಸ್ಯಾಂಡ್‌ಗ್ರೌಸ್ ಎಂದು ಇಂಗ್ಲಿಷಿನಲ್ಲಿ ಕರೆಯುವ, ಪಾರಿವಾಳದಷ್ಟು ದೊಡ್ಡ ಹಕ್ಕಿಯೂ ಒಣ ಬಯಲಿನದೇ. ಅದರ ಗಂಡು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಹಾರಿ ಬಂದು ಮರಿಗಳಿಗೆ ಕುಡಿಸುತ್ತದೆ. ಬರಿ ನೆಲದ ಮೇಲೆ ಮೊಟ್ಟೆ ಇಡುವ ಇಂಥ ಹಕ್ಕಿಗೆ ನಾವು “ಪಡಾ ಬಿದ್ದ ಜಮೀನು” ಎಂದು ಕರೆಯುವ ನೆಲವೇ ತವರು.

ಈ ಸೀಮೆಯ ಪ್ರಾಣಿಗಳ ಬಗ್ಗೆ ಹಳೆಯ ಬರವಣಿಗೆ ಇದೆ. 1824ರ ಕಿತ್ತೂರಿನ ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬರು ವಾಲ್ಟರ್ ಎಲಿಯಟ್. ಬಿಡುಗಡೆಯಾದ ನಂತರವೂ ಅವರು ಧಾರವಾಡ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದರು, ಶಾಸನಗಳನ್ನು ಸಂಗ್ರಹಿಸಿದರು, ಶಿಕಾರಿ ಮಾಡಿದರು. ಆಗ ದಕ್ಷಿಣ ಮರಾಠಾ ಪ್ರಾಂತ ಎನ್ನುತ್ತಿದ್ದ ಈ ಭಾಗದ ಸಸ್ತನಿಗಳ ಪಟ್ಟಿಯನ್ನು ಸ್ಥಳೀಯ ಹೆಸರುಗಳ ಸಮೇತ 1839ರಲ್ಲಿ ಪ್ರಕಟಿಸಿದರು. ಪಕ್ಷಿಶಾಸ್ತ್ರಜ್ಞ ಜೆರ್ಡನ್ ತಮ್ಮ ಬರಹಗಳಿಗೆ ಎಲಿಯಟ್ಟರ ಟಿಪ್ಪಣಿಗಳನ್ನು ಬಳಸಿಕೊಂಡರು. ಬೇಟೆಗಾರರ ಕಣ್ಣಿನಿಂದ ಬರೆದ ದಾಖಲೆಗಳು ಇವು, ನಿಜ. ಆದರೆ ನಮ್ಮ ಬಯಲು ಸೀಮೆ ಹಿಂದೆ ಹೇಗಿತ್ತು ಎಂದು ತಿಳಿಯಲು ಇಂಥ ಬರಹಗಳನ್ನು ಬಿಟ್ಟರೆ ಹೆಚ್ಚಿನ ಆಧಾರ ನಮಗಿಲ್ಲ.

ಎರೆಭೂತ ಹೇಳಿಕೊಟ್ಟ ಪಾಠ

ಬೇಟೆಗೂ ನೆಲೆಗೂ ಇರುವ ಸಂಬಂಧವನ್ನು ಕರ್ನಾಟಕದ ಮಟ್ಟಿಗೆ ಎರೆಭೂತದ ಕತೆಯಷ್ಟು ಚೆನ್ನಾಗಿ ಬೇರೆ ಯಾವುದೂ ತಿಳಿಸುವುದಿಲ್ಲ. ದೊರವಾಯನ ಹಕ್ಕಿ ಎಂದೂ ಇದಕ್ಕೆ ಹೆಸರು. ಗಂಡು ಹಕ್ಕಿ ಮನುಷ್ಯನ ಎದೆಮಟ್ಟಕ್ಕೆ ಬರುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವೇ. ದಖ್ಖನಿನ ಒಣ ಹುಲ್ಲುಗಾವಲು, ಜೋಳದ ಎರಿಹೊಲ ಇದರ ಮನೆಯಾಗಿತ್ತು. ಬ್ರಿಟಿಷ್ ಕಾಲದಲ್ಲಿ ಇದನ್ನು ಹೊಡೆಯುವುದು ದೊಡ್ಡ ಗೌರವ. ಅಹಮದನಗರ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ 1809ರಿಂದ 1829ರ ನಡುವೆ 961 ಎರೆಭೂತಗಳನ್ನು ಕೊಂದ ದಾಖಲೆ ಇದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಇಂಥ ಹೊಡೆತವನ್ನು ತಾಳುವುದಿಲ್ಲ.

ಸ್ವಾತಂತ್ರ್ಯದ ನಂತರ ಬಂದೂಕಿಗೆ ಕಡಿವಾಣ ಬಿತ್ತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಮತ್ತು ಎರೆಭೂತಗಳಿಗಾಗಿ ಅಭಯಾರಣ್ಯವಾಯಿತು. ಅಲ್ಲಿ ಕೃಷ್ಣಮೃಗ ಹೆಚ್ಚಿದವು, ಎರೆಭೂತ ಇಂದು ಕಾಣುವುದಿಲ್ಲ. ಬೇಟೆಯನ್ನು ತಡೆದದ್ದು ಸರಿಯೇ. ಆದರೆ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿಕೊಂಡಿತ್ತು, ಸುತ್ತಲಿನ ಒಣ ಹೊಲಗಳ ರೀತಿ ಬದಲಾಗಿತ್ತು. ದೂರದವರೆಗೆ ಕಣ್ಣು ಹಾಯುವ ಬಯಲಿನಲ್ಲಿ ಬಾಳುವ ಹಕ್ಕಿ ಮರಗಳ ಸಾಲಿನ ನಡುವೆ ಉಳಿಯುವುದು ಹೇಗೆ? ಇಂದು ಇಡೀ ಜಗತ್ತಿನಲ್ಲಿ ಈ ಹಕ್ಕಿ 150ಕ್ಕಿಂತ ಕಡಿಮೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಂಡುಬಂದದ್ದೇ ದೊಡ್ಡ ಸುದ್ದಿ. ಬೈಲಹೊಂಗಲದ ಎರಿಭೂಮಿಯಲ್ಲಿ ಎರೆಭೂತವನ್ನು ಮತ್ತೆ ನೋಡುವ ಆಸೆ ನನಗಿಲ್ಲ. ಕೌಜುಗ, ಲಾವಕ್ಕಿಗಳ ಸರದಿ ಬರುವ ಮೊದಲು ಎಚ್ಚರಗೊಳ್ಳಬೇಕು ಎಂಬುದಷ್ಟೇ ಕಳಕಳಿ.

ಅಮೆರಿಕದ ಟರ್ಕಿ, ಇಂಗ್ಲೆಂಡಿನ ಕೌಜುಗ

ಅಮೆರಿಕದ ಕಾಡು ಟರ್ಕಿ ಕೋಳಿಯ ಕತೆ ಇದಕ್ಕೆ ವಿರುದ್ಧ ದಿಕ್ಕಿನದು. ಕಾಡು ಕಡಿದದ್ದು, ಮಾರಾಟಕ್ಕಾಗಿ ಮಿತಿಯಿಲ್ಲದೆ ಕೊಂದದ್ದು ಸೇರಿ 20ನೇ ಶತಮಾನದ ಆರಂಭಕ್ಕೆ ಹಲವು ರಾಜ್ಯಗಳಲ್ಲಿ ಒಂದೂ ಟರ್ಕಿ ಉಳಿದಿರಲಿಲ್ಲ. ಮೊದಲು ಅವರು ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ಪಂಜರದಲ್ಲಿ ಬೆಳೆದ ಮರಿಗೆ ಗಿಡುಗ ಯಾವುದು, ನರಿ ಯಾವುದು ಗೊತ್ತಿಲ್ಲ, ಬಿಟ್ಟವುಗಳಲ್ಲಿ ಬಹುತೇಕ ಸತ್ತವು. 1950ರ ದಶಕದಲ್ಲಿ ಬಲೆಯನ್ನು ಸಿಡಿಸಿ ಹಿಂಡನ್ನೇ ಹಿಡಿಯುವ ವಿಧಾನ ಬಂತು. ಕಾಡಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗಳನ್ನು ಹಿಡಿದು, ಕಾಡು ಮತ್ತೆ ಚಿಗುರಿದ ಜಾಗಗಳಿಗೆ ಒಯ್ದು ಬಿಟ್ಟರು. ಬಂದೂಕು, ಮದ್ದುಗುಂಡುಗಳ ಮೇಲೆ ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿಗಳಿಗೇ ಖರ್ಚು ಮಾಡುವ ಕಾನೂನು 1937ರಲ್ಲೇ ಆಗಿತ್ತು. ವಸಂತದ ಬೇಟೆಯನ್ನು ಗಂಡು ಹಕ್ಕಿಗಷ್ಟೇ ಸೀಮಿತಗೊಳಿಸಿದರು. ಹೀಗೆ ಸಂಖ್ಯೆ 60 ಲಕ್ಷ ದಾಟಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಕಳೆದ ಎರಡು ದಶಕಗಳಲ್ಲಿ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಟರ್ಕಿ ಮತ್ತೆ ಇಳಿಮುಖವಾಗಿದೆ. ಒಂದೊಂದು ಹೇಂಟೆಯ ಜೊತೆ ಬದುಕುಳಿಯುವ ಮರಿಗಳು ಕಡಿಮೆಯಾಗಿವೆ. ನಿಯಮಗಳಿವೆ, ಪರವಾನಗಿ ಇದೆ, ಹಣವೂ ಇದೆ. ಹಾಗಾಗಿ ಈಗ ಅಲ್ಲಿನವರು ಗೂಡು ಕಟ್ಟಲು ಬೇಕಾದ ಪೊದೆ, ಮರಿ ಮೇಯಲು ಬೇಕಾದ ಹುಲ್ಲು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಾರೆ.

ಈ ಉದಾಹರಣೆ ಹಿಡಿದು ನಮ್ಮಲ್ಲೂ ಪರವಾನಗಿ ಬೇಟೆ ಇರಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಪ್ರತಿ ವರ್ಷ ಹಕ್ಕಿಗಳನ್ನು ಎಣಿಸಿ ಬೇಟೆಯ ಮಿತಿ ಗೊತ್ತು ಮಾಡುವ ಇಲಾಖೆಗಳಿವೆ. ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಕೌಜುಗ ಇವೆ ಎಂಬ ಎಣಿಕೆಯೇ ನಡೆದಿಲ್ಲ. ಎಣಿಸದ ಕಣಜದಿಂದ ಕಾಳು ಹಂಚುವಂತಾದೀತು ಅದು. ಅಲ್ಲಿಂದ ನಾವು ತರಬೇಕಾದದ್ದು ನೆಲವನ್ನು ನೋಡುವ ಅವರ ಕಣ್ಣು.

ಆ ಕಣ್ಣು ಇನ್ನಷ್ಟು ಹರಿತವಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಬೂದು ಪಾರ್ಟ್ರಿಡ್ಜ್ ನಮ್ಮ ಕೌಜುಗದ ದೂರದ ನೆಂಟ, ಅದೂ ಹೊಲದ ಅಂಚಿನ ಹಕ್ಕಿ. 1950ರ ನಂತರ ಅದು ಕುಸಿಯುತ್ತ ಬಂತು. ಡಿಕ್ ಪಾಟ್ಸ್ ಎಂಬ ವಿಜ್ಞಾನಿ ಸಸೆಕ್ಸ್ ಸೀಮೆಯ ಹೊಲಗಳಲ್ಲಿ ವರ್ಷಗಟ್ಟಲೆ ಹಕ್ಕಿ, ಹುಳ, ಕಳೆ ಮೂರನ್ನೂ ಎಣಿಸಿ ಕಾರಣ ಕಂಡುಕೊಂಡರು. ದೊಡ್ಡ ಹಕ್ಕಿ ಕಾಳು ತಿನ್ನುತ್ತದೆ, ಮೊದಲ ಎರಡು ವಾರದ ಮರಿಗೆ ಹುಳವೇ ಬೇಕು. ಕಳೆನಾಶಕ ಬಂದಾಗ ಕಳೆ ಹೋಯಿತು. ಕಳೆಯ ಮೇಲೆ ಬದುಕುತ್ತಿದ್ದ ಹುಳ ಹೋಯಿತು. ಮರಿಗಳು ಹಸಿವಿನಿಂದ ಸತ್ತವು. ಕಳೆನಾಶಕ ಹಕ್ಕಿಗೆ ನೇರವಾಗಿ ವಿಷವಾಗಬೇಕಿಲ್ಲ, ಅದರ ಮರಿಯ ಊಟ ಕಿತ್ತುಕೊಂಡರೆ ಸಾಕು. ಅಲ್ಲಿ ಹುಡುಕಿದ ಉಪಾಯಗಳಲ್ಲಿ ಒಂದು, ಹೊಲದ ಅಂಚಿನ ಸುಮಾರು 6 ಮೀಟರ್ ಪಟ್ಟಿಗೆ ಕಳೆನಾಶಕ, ಕೀಟನಾಶಕ ಹೊಡೆಯದೆ ಬಿಡುವುದು. ಇನ್ನೊಂದು, ದೊಡ್ಡ ಹೊಲದ ನಡುವೆ ಮಣ್ಣೇರಿಸಿ ಹುಲ್ಲು ಬೆಳೆಸಿದ ದಿಬ್ಬ.

ಹುಲ್ಲಿನ ದಿಬ್ಬವನ್ನು ನಾವು ಹೊಸದಾಗಿ ಕಟ್ಟಬೇಕಿಲ್ಲ. ಮುಂಬೈ ಪ್ರಾಂತದ 1942ರ ಭೂಸುಧಾರಣಾ ಯೋಜನೆಗಳ ಕಾಯ್ದೆಯ ಕಾಲದಿಂದ ಬೆಳಗಾವಿ, ಧಾರವಾಡ, ವಿಜಯಪುರದ ಒಣ ಹೊಲಗಳಲ್ಲಿ ಒಡ್ಡು ಹಾಕುತ್ತ ಬಂದಿದ್ದಾರೆ. ಅದಕ್ಕೂ ಮುಂಚೆ ರೈತರು ತಾವೇ ಹಾಕಿದ ಒಡ್ಡುಗಳಿದ್ದವು. ಇರುವ ಒಡ್ಡನ್ನು ಬೋಳಿಸದಿದ್ದರೆ ಅರ್ಧ ಕೆಲಸವಾಯಿತು.

ಒಂದು ಸಂಸಾರಕ್ಕೆ ಏನು ಬೇಕು

ಕೌಜುಗ ದೂರ ಹಾರುವ ಹಕ್ಕಿಯಲ್ಲ. ಹೆದರಿದರೆ ಮೊದಲು ಓಡುತ್ತದೆ, ತೀರ ಹತ್ತಿರ ಬಂದರೆ ಭರ್ರನೆ ಎದ್ದು ಸ್ವಲ್ಪ ದೂರದಲ್ಲೇ ಇಳಿಯುತ್ತದೆ. ಆದ್ದರಿಂದ ಅದಕ್ಕೆ ಬೇಕಾದ್ದೆಲ್ಲ ಕೆಲವೇ ಹೊಲಗಳ ಒಳಗೆ ಸಿಗಬೇಕು. ರಾತ್ರಿ ಕೂರಲು ತಗ್ಗಾದ ಜಾಲಿ ಅಥವಾ ಬಾರಿ ಗಿಡ. ಹಗಲು ಗಿಡುಗ, ಮುಂಗಸಿ, ನಾಯಿಯಿಂದ ಓಡಿ ಅಡಗಲು ಕಂಟಿ. ಮೊಟ್ಟೆಗೆ ಹುಲ್ಲಿನ ಬುಡದಲ್ಲಿ ಒಂದು ತಗ್ಗು. ಮೇಯಲು ಕಳೆಬೀಜ, ಬಿದ್ದ ಕಾಳು, ಗೆದ್ದಲು, ಮಿಡತೆ. ಮರಿಗಳು ಓಡಾಡಲು ಹುಲ್ಲಿನ ಬುಡದಲ್ಲಿ ತೆರಪಿರುವ ನೆಲ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದದ್ದು ಕೆಲಸಕ್ಕೆ ಬಾರದು.

ಹೇಂಟೆ ಸಾಮಾನ್ಯವಾಗಿ 4ರಿಂದ 8 ಮೊಟ್ಟೆ ಇಡುತ್ತದೆ, ಮೂರು ವಾರಕ್ಕೆ ತುಸು ಕಡಿಮೆ ಕಾವು. ಮರಿಗಳು ಒಡೆದ ಕೂಡಲೇ ತಾಯಿಯ ಹಿಂದೆ ಓಡುತ್ತವೆ. ಇಷ್ಟು ಮರಿ ಮಾಡುವ ಹಕ್ಕಿಯ ಸಂಖ್ಯೆ ಒಳ್ಳೆಯ ನೆಲದಲ್ಲಿ ಒಂದೆರಡು ವರ್ಷದಲ್ಲಿ ಚೇತರಿಸಿಕೊಳ್ಳುತ್ತದೆ. ಕೆಟ್ಟ ನೆಲದಲ್ಲಿ ಹಾಗಲ್ಲ. ಗೂಡುಗಳು ಒಂದರ ಮೇಲೊಂದು ಹಾಳಾಗುತ್ತಿರುವಾಗ ಉರುಳಿಗೆ ಬಿದ್ದ ಒಂದು ಹೇಂಟೆ ಆ ಸೀಮೆಯ ಕೊನೆಯ ಹೇಂಟೆಯಾಗಿರಬಹುದು. ನೆಲ ಕೆಟ್ಟಷ್ಟೂ ಬೇಟೆಯ ಹೊಡೆತ ಜೋರಾಗುವುದು ಹೀಗೆ. ನೆಲೆ ಸರಿಪಡಿಸುವವರೆಗೂ ಉರುಳನ್ನು ಸಹಿಸಿಕೊಳ್ಳೋಣ ಎನ್ನುವ ಹಾಗೂ ಇಲ್ಲ.

ಹೊಲದಲ್ಲಿ ಮಾಡುವ ಕೆಲಸ

ಮೊದಲನೆಯದು ಒಡ್ಡು. ಒಂದಡಿ ಅಗಲದ ಹುಲ್ಲಿನ ಗೆರೆಯಲ್ಲಿ ಗೂಡು ಇದ್ದರೆ ಮುಂಗಸಿ ವಾಸನೆ ಹಿಡಿದು ನೇರ ಅಲ್ಲಿಗೇ ಹೋಗುತ್ತದೆ. ಆರಡಿ ಅಗಲ ಸಿಕ್ಕರೆ ಗೂಡು ಬಚಾವಾಗುವ ಸಂಭವ ಹೆಚ್ಚು. ಎಲ್ಲ ಒಡ್ಡುಗಳನ್ನೂ ಅಷ್ಟು ಬಿಡುವುದು ಎರಡು ಎಕರೆಯ ರೈತನಿಗೆ ಕಷ್ಟ, ಅದನ್ನು ಕೇಳುವುದೂ ನ್ಯಾಯವಲ್ಲ. ಒಂದೇ ಒಂದು ಒಡ್ಡು, ಅದೂ ಹಳ್ಳಕ್ಕೋ ಮಡ್ಡಿಗೋ ತಾಗಿದ್ದನ್ನು ಆರಿಸಿ. ಪಕ್ಕದ ಹೊಲದವರೂ ಅದಕ್ಕೆ ಕೂಡುವ ಒಡ್ಡನ್ನು ಬಿಟ್ಟರೆ ಹಕ್ಕಿಗೆ ದಾರಿ ಸಿಗುತ್ತದೆ. ಎರಿಮಣ್ಣು ದೊಡ್ಡ ಮಳೆಗೆ ಕೊಚ್ಚಿ ಹೋಗುವ ಮಣ್ಣು. ಹುಲ್ಲಿನ ಬೇರು ಅದನ್ನು ಹಿಡಿಯುತ್ತದೆ. ದನಕ್ಕೆ ಮೇವೂ ಆಯಿತು.

ಒಡ್ಡು ಸವರುವ ಕಾಲವನ್ನು ಬದಲಿಸಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ಒಡ್ಡು ಚೊಕ್ಕಟ ಮಾಡುವ ರೂಢಿ. ಕೌಜುಗ ಹೆಚ್ಚಾಗಿ ಮೊಟ್ಟೆ ಇಡುವುದು ಆಗಿನಿಂದ ಸೆಪ್ಟೆಂಬರ್‌ವರೆಗೆ. ಅದೇ ಕೆಲಸವನ್ನು ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಬಹುದು. ಒಂದು ವರ್ಷ ಒಡ್ಡಿನ ಅರ್ಧ ಭಾಗ, ಮರುವರ್ಷ ಇನ್ನರ್ಧ. ಕುಡಗೋಲಿನಿಂದ ಕೊಯ್ದರೆ ಹುಲ್ಲು ಮತ್ತೆ ಚಿಗುರುತ್ತದೆ. ಗ್ಲೈಫೋಸೇಟ್ ಹೊಡೆದರೆ ಬೇರು ಸಮೇತ ಸಾಯುತ್ತದೆ, ಒಡ್ಡು ಸಡಿಲಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಹೊಸ ಒಡ್ಡು ಹಾಕಿಸಿಕೊಂಡವರು ಮೊದಲ ಮಳೆಗೇ ಅದರ ಮೇಲೆ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಲಿ.

ಔಷಧ ಹೊಡೆಯುವಾಗ ಹೊಲದ ಅಂಚಿನ ಎರಡು ಮೂರು ಸಾಲು ಬಿಡಿ. ಇಂಗ್ಲೆಂಡಿನ 6 ಮೀಟರ್ ನಮ್ಮ ಸಣ್ಣ ಹಿಡುವಳಿಗೆ ಹೆಚ್ಚಾಯಿತು, ಆದರೆ ಅಂಚಿನಲ್ಲಿ ಅಕ್ಕಡಿಯಾಗಿ ಸಜ್ಜೆ, ಎಳ್ಳು, ಪುಂಡಿ ಹಾಕಿ ಆ ಸಾಲುಗಳಿಗೆ ಏನೂ ಹೊಡೆಯದಿರುವುದು ಕಷ್ಟವಲ್ಲ. ಯಾವ ಕೀಟಕ್ಕೆ ಯಾವಾಗ ಔಷಧ ನಿಜವಾಗಿ ಬೇಕು ಎಂದು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ತಿಳಿಯಬಹುದು. ಬೀಜೋಪಚಾರ ಮಾಡಿದ ಬೀಜ ಕೂರಿಗಿ ತಿರುಗಿಸುವಲ್ಲಿ ಚೆಲ್ಲುತ್ತದೆ. ಅದನ್ನು ಹಾಗೆ ಬಿಡದೆ ಮಣ್ಣಿನಲ್ಲಿ ಮುಚ್ಚಿ, ಮಿಕ್ಕ ಬೀಜವನ್ನು ಒಡ್ಡಿನ ಮೇಲೆ ಸುರಿಯಬೇಡಿ. ಹಕ್ಕಿಗೆ ಕಾಣುವುದು ಕಾಳಷ್ಟೇ, ಅದರ ಮೇಲಿನ ವಿಷ ಗೊತ್ತಾಗುವುದಿಲ್ಲ.

ಕಬ್ಬಿನ ರವದಿಗೆ ಬೆಂಕಿ ಹಚ್ಚುವುದು ನಮ್ಮ ಕಡೆ ಈಗ ಪ್ರತಿ ಹಂಗಾಮಿನ ದೃಶ್ಯ. ಕೂಲಿಯ ಕೊರತೆ, ಮುಂದಿನ ಕೂಳೆಯ ಅವಸರ, ಎಲ್ಲ ಅರ್ಥವಾಗುತ್ತದೆ. ಆದರೆ ಬೆಂಕಿ ಹೊಲದಲ್ಲಿ ನಿಲ್ಲುವುದಿಲ್ಲ. ಒಡ್ಡಿಗೆ ಹತ್ತಿ, ಕಂಟಿಗೆ ಹತ್ತಿ, ಮಡ್ಡಿಗೆ ಏರುತ್ತದೆ. ರವದಿಯನ್ನು ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಅದನ್ನೇ ಬಳಸಿ, ಇಲ್ಲವೇ ಸಾಲು ಬಿಟ್ಟು ಸಾಲಿಗೆ ಹೊದಿಸಿ ಕೊಳೆಸಿ. ಮಣ್ಣಿಗೆ ಅದರಿಂದ ಲಾಭವೇ. ಹಚ್ಚಲೇಬೇಕೆಂದು ಹಟ ಹಿಡಿದವರು ಕನಿಷ್ಠ ಒಡ್ಡಿನ ಸುತ್ತ ರವದಿ ಸರಿಸಿ ಬೆಂಕಿ ದಾಟದಂತೆ ಮಾಡಲಿ, ಗಾಳಿ ಬೀಸುವ ಮಧ್ಯಾಹ್ನ ಹಚ್ಚದಿರಲಿ.

ಮೇವಿನ ಹುಲ್ಲು, ಗೋಧಿ, ಜೋಳ ಕೊಯ್ಯುವಾಗ ನಡುವಿನಿಂದ ಹೊರಗೆ ಕೊಯ್ಯುತ್ತ ಬನ್ನಿ. ಹೊರಗಿನಿಂದ ಸುತ್ತುತ್ತ ಹೋದರೆ ಮರಿಗಳು ನಡುವಿನ ಕೊನೆಯ ತುಣುಕಿನಲ್ಲಿ ಸಿಕ್ಕಿಬೀಳುತ್ತವೆ. ಗೂಡು ಕಂಡರೆ ಸುತ್ತ ಒಂದು ಮಾರು ಜಾಗ ಕೊಯ್ಯದೆ ಬಿಟ್ಟು ಸರಿಯಿರಿ, ಪದೇ ಪದೇ ಹೋಗಿ ನೋಡಬೇಡಿ, ಫೋಟೊ ತೆಗೆದು ಹಂಚಬೇಡಿ. ಮೊಟ್ಟೆಯನ್ನು ಮನೆಗೆ ತಂದು ಊರ ಕೋಳಿಯ ಕಾವಿಗೆ ಇಡುವ ರೂಢಿ ಕೆಲವೆಡೆ ಇದೆ. ಮಕ್ಕಳ ಪ್ರೀತಿಯಿಂದಲೇ ಮಾಡಿದರೂ ಅದು ತಪ್ಪು. ಕೋಳಿಯಡಿ ಒಡೆದ ಮರಿಗೆ ಹೊಲದ ಬದುಕು ಕಲಿಸುವವರಿಲ್ಲ, ಕಾನೂನಿನ ಕಣ್ಣಲ್ಲಿ ಅದು ಬೇಟೆಯೂ ಹೌದು.

ಇದೆಲ್ಲ ಮಾಡಿದರೆ ರೈತನಿಗೆ ನಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಿತ್ತನೆಯ ದಿನಗಳಲ್ಲಿ ಕೌಜುಗ ನಾಲ್ಕು ಕಾಳು ಕೆದಕಿ ತಿನ್ನುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದು ತಿನ್ನುವ ಗೆದ್ದಲು, ಮಿಡತೆ, ಕಳೆಬೀಜದ ಮುಂದೆ ಆ ನಷ್ಟ ಸಣ್ಣದು.

ಮಡ್ಡಿ, ಗಾಯರಾಣ

ಹೊಲಕ್ಕಿಂತ ದೊಡ್ಡ ಆಸರೆ ಊರ ಹೊರಗಿನ ಮಡ್ಡಿ ಮತ್ತು ಗಾಯರಾಣ. ದಾಖಲೆಗಳಲ್ಲಿ ಅವಕ್ಕೆ ಖರಾಬು ಎಂಬ ಹೆಸರು ಅಂಟಿರುವುದರಿಂದ ಏನಾದರೂ ಮಾಡಿ “ಉಪಯೋಗಕ್ಕೆ ತರುವ” ಒತ್ತಡ ಯಾವಾಗಲೂ ಇರುತ್ತದೆ. ಒಂದೋ ಒತ್ತುವರಿ, ಇಲ್ಲವೇ ಕಲ್ಲು ಕ್ವಾರಿ, ಇಲ್ಲವೇ ವನಮಹೋತ್ಸವ. ಮೂರನೆಯದರ ಬಗ್ಗೆ ಮಾತಾಡಿದರೆ ಜನ ಸಿಟ್ಟಾಗುತ್ತಾರೆ, ಆದರೂ ಹೇಳಬೇಕು: ಹುಲ್ಲಿನ ಮಡ್ಡಿಯ ಮೇಲೆ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ಸಾಲು ನೆಡುವುದು ಪರಿಸರದ ಕೆಲಸವಲ್ಲ. ರಾಣೆಬೆನ್ನೂರಿನ ಕತೆ ಮೇಲೆ ಓದಿದಿರಿ. ಮರ ನೆಡಬೇಕೆಂದರೆ ರಸ್ತೆಬದಿ, ಶಾಲೆಯ ಅಂಗಳ, ಹಳ್ಳದ ದಂಡೆ ಬೇಕಾದಷ್ಟಿದೆ. ಮಡ್ಡಿಗೆ ಅದರದೇ ಬಾರಿ, ಕವಳಿ, ಜಾಲಿ, ಹುಲ್ಲು ಸಾಕು.

ಮೇಯಿಸುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ಕುರಿ, ದನ ಹದವಾಗಿ ಮೇಯ್ದ ಹುಲ್ಲುಗಾವಲು ಕೌಜುಗಕ್ಕೆ ಒಳ್ಳೆಯದೇ, ಮರಿಗಳಿಗೆ ಓಡಾಡಲು ತೆರಪು ಸಿಗುತ್ತದೆ. ಬುಡ ಕಾಣುವಂತೆ ಎಲ್ಲೆಡೆ ಮೇಯ್ದುಬಿಟ್ಟರೆ ಕಷ್ಟ. ಗಾಯರಾಣದ ಒಂದು ಭಾಗವನ್ನು ಮಳೆ ಬಿದ್ದಾಗಿನಿಂದ ದೀಪಾವಳಿಯವರೆಗೆ ಬಿಟ್ಟು, ನಂತರ ಹುಲ್ಲು ಕೊಯ್ದುಕೊಳ್ಳುವ ಒಪ್ಪಂದವನ್ನು ಕುರಿಗಾರರನ್ನು ಕೂರಿಸಿಕೊಂಡೇ ಮಾಡಬೇಕು, ಅವರನ್ನು ಹೊರಗಿಟ್ಟು ಮಾಡಿದ ಯಾವ ನಿಯಮವೂ ಒಂದು ಹಂಗಾಮು ಬಾಳುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಮಡ್ಡಿಯ ಹಕ್ಕಿಗಳ ಪಟ್ಟಿ ಮಾಡುವುದರಿಂದ ಅದಕ್ಕೆ ಜೀವ ಕೊಡಿ.

ನವಿಲಿನ ಪ್ರಶ್ನೆ

ಇಷ್ಟು ಓದಿದ ಸವದತ್ತಿ, ರಾಮದುರ್ಗದ ರೈತರು ಕೇಳುವ ಪ್ರಶ್ನೆ ಗೊತ್ತಿದೆ: ಹಕ್ಕಿ ಕಡಿಮೆಯಾದವು ಎನ್ನುತ್ತೀರಿ, ನವಿಲು ಯಾಕೆ ಹೆಚ್ಚಾದವು? ದೇಶದ ಹಕ್ಕಿಗಳ ಸ್ಥಿತಿ ಕುರಿತ 2023ರ ವರದಿಯೂ ಬಯಲು ಮತ್ತು ಹುಲ್ಲುಗಾವಲಿನ ಹಕ್ಕಿಗಳು ಇಳಿಯುತ್ತಿವೆ, ನವಿಲು ಏರುತ್ತಿದೆ ಎಂದೇ ಹೇಳುತ್ತದೆ. ನವಿಲು ಏನನ್ನಾದರೂ ತಿನ್ನುತ್ತದೆ, ಎತ್ತರದ ಮರದ ಮೇಲೆ ಮಲಗುತ್ತದೆ, ಕಾಲುವೆ ನೀರು ಬಂದ ಕಡೆಗೆಲ್ಲ ಹರಡುತ್ತದೆ, ಜನ ಅದನ್ನು ಕೊಲ್ಲಲು ಅಂಜುತ್ತಾರೆ. ಶೇಂಗಾ, ಕಡಲೆಯ ಎಳೆ ಬೆಳೆಗೆ ಅದರಿಂದ ತೊಂದರೆ ಆಗುವುದು ನಿಜ. ಮೊಳಕೆಯ ಮೊದಲ ಎರಡು ವಾರ ಕಾವಲು, ಮಿನುಗುವ ಪಟ್ಟಿ, ಒಂದೇ ಸಲಕ್ಕೆ ಊರವರೆಲ್ಲ ಬಿತ್ತುವುದು ಸ್ವಲ್ಪ ಪರಿಹಾರ ಕೊಡುತ್ತವೆ. ವಿಷದ ಕಾಳು ಇಡುವ ಯೋಚನೆ ಮಾತ್ರ ಬೇಡ. ಕೌಜುಗ, ಪಾರಿವಾಳ, ಊರ ಕೋಳಿ, ಸತ್ತದ್ದನ್ನು ತಿಂದ ನಾಯಿ ಎಲ್ಲವೂ ಅದರಿಂದ ಸಾಯುತ್ತವೆ.

ಕಾನೂನು ಏನು ಹೇಳುತ್ತದೆ

ಬೆಳಗಾವಿ ಮುಂಬೈ ರಾಜ್ಯದಲ್ಲಿದ್ದಾಗ 1951ರ ಮುಂಬೈ ಕಾಯ್ದೆಯಡಿ ಪರವಾನಗಿ ಪಡೆದು, ನಿಷೇಧದ ಋತು ಬಿಟ್ಟು ಬೇಟೆಯಾಡಬಹುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಮೊದಲು ಸಣ್ಣ ಬೇಟೆಗೆ ಪರವಾನಗಿ ಇತ್ತು, 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಜ್ಜನ ಕಾಲದಲ್ಲಿ ಪರವಾನಗಿ ಇತ್ತು ಎಂಬ ಮಾತು ಈಗ ನಡೆಯುವುದಿಲ್ಲ. ಕೊಲ್ಲುವುದಷ್ಟೇ ಬೇಟೆ ಎಂದು ತಿಳಿಯಬೇಡಿ. ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನಿಸುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕೆಡಿಸುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಕೌಜುಗವನ್ನು ಪಂಜರದಲ್ಲಿ ಸಾಕುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನವಿಲು ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಬೇಟೆಗೆ ಬಳಸಿದ ವಾಹನವೂ ಜಪ್ತಿಯಾಗಬಹುದು. ಢಾಬಾಗಳಲ್ಲಿ ಬುರ್ಲಿ ಎಂದು ಮಾರುವುದು ಫಾರಂನಲ್ಲಿ ಸಾಕಿದ ಜಪಾನಿ ಲಾವಕ್ಕಿಯೋ ಹೊಲದಿಂದ ಹಿಡಿದದ್ದೋ ಎಂದು ಕೇಳುವ ಹಕ್ಕು ತಿನ್ನುವವರಿಗಿದೆ.

ಕಾನೂನಿನ ಜೊತೆ ಇನ್ನೊಂದು ಮಾತು. ಹಕ್ಕಿ ಹಿಡಿಯುವುದನ್ನೇ ತಲೆಮಾರುಗಳಿಂದ ಹೊಟ್ಟೆಪಾಡು ಮಾಡಿಕೊಂಡ ಸಮುದಾಯಗಳು ಉತ್ತರ ಕರ್ನಾಟಕದಲ್ಲಿವೆ. ಬ್ರಿಟಿಷರು 1871ರ ಕಾಯ್ದೆಯಿಂದ ದೇಶದ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಮುದ್ರೆ ಒತ್ತಿದರು, ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಹಕ್ಕಿ ಕಡಿಮೆಯಾದ ಕೂಡಲೇ ಆ ಕೇರಿಗಳ ಕಡೆ ಬೊಟ್ಟು ಮಾಡುವುದು ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ. ಮೋಜಿಗಾಗಿ ಕಾರಿನಲ್ಲಿ ಬಂದು ರಾತ್ರಿ ಹೊಡೆಯುವವರೂ ಇದ್ದಾರಲ್ಲ. ಗೂಡು ಎಲ್ಲಿರುತ್ತದೆ, ಹಿಂಡು ಯಾವ ದಾರಿಯಲ್ಲಿ ನೀರಿಗೆ ಬರುತ್ತದೆ ಎಂದು ಹಿಡಿಯುವವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಎಣಿಕೆಗೆ, ಕಾವಲಿಗೆ ಅವರಿಗೆ ಕೂಲಿ ಕೊಟ್ಟು ಕರೆದರೆ ಆ ಅರಿವು ಹಕ್ಕಿಯ ಪರವಾಗಿ ಕೆಲಸ ಮಾಡುತ್ತದೆ.

ಎಣಿಸುವ ಸರಳ ವಿಧಾನ

ಇದು ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಸೂರ್ಯ ಹುಟ್ಟುವ ಹೊತ್ತಿಗೆ ಊರಿನ ಸುತ್ತ ಐದಾರು ಗೊತ್ತಾದ ಜಾಗಗಳಲ್ಲಿ ನಿಲ್ಲಿ. ಪ್ರತಿ ಜಾಗದಲ್ಲಿ 10 ನಿಮಿಷ ಸುಮ್ಮನೆ ಕೇಳಿಸಿಕೊಂಡು, ಎಷ್ಟು ದಿಕ್ಕಿನಿಂದ ಕೌಜುಗ ಕೂಗಿತು ಎಂದು ಬರೆದುಕೊಳ್ಳಿ. ಒಂದೇ ಹಕ್ಕಿ ಹತ್ತು ಸಲ ಕೂಗುವುದರಿಂದ ಕೂಗುಗಳ ಲೆಕ್ಕ ಬೇಡ, ದಿಕ್ಕುಗಳ ಲೆಕ್ಕ ಸಾಕು. ಗಾಳಿ ಜೋರಿದ್ದ ದಿನ ಬಿಟ್ಟುಬಿಡಿ. ಪ್ರತಿ ಜಾಗಕ್ಕೂ ಮೂರು ಬೆಳಗಿನ ಲೆಕ್ಕ ಇದ್ದರೆ ಒಳ್ಳೆಯದು. ಜೊತೆಗೆ ಒಡ್ಡಿನ ಅಗಲ, ಹುಲ್ಲು ಇದೆಯೇ, ಬೆಂಕಿ ಬಿದ್ದಿದೆಯೇ ಎಂದೂ ಬರೆಯಿರಿ. ಮೊಬೈಲಿನಲ್ಲಿ ಕೌಜುಗದ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ, ಮೊಟ್ಟೆಯ ಕಾಲದಲ್ಲಿ ಅದು ಹಕ್ಕಿಗೆ ಕಿರುಕುಳ. ಈಬರ್ಡ್‌ನಂಥ ಸಾರ್ವಜನಿಕ ದಾಖಲೆಗೆ ಈ ಲೆಕ್ಕ ಸೇರಿಸಬಹುದು. ಮೂರು ನಾಲ್ಕು ವರ್ಷದ ಪುಸ್ತಕ ಕೈಯಲ್ಲಿದ್ದರೆ ಮಡ್ಡಿಯ ಬಗ್ಗೆ ಗ್ರಾಮಸಭೆಯಲ್ಲಿ ಮಾತಾಡಲು ಆಧಾರ ಸಿಗುತ್ತದೆ.

ಈ ಬೇಸಿಗೆಯಲ್ಲಿ ಹೊಲ ಹದ ಮಾಡುವ ಮೊದಲು ಹಳ್ಳದ ಕಡೆಯ ಒಂದು ಒಡ್ಡನ್ನು ಆರಿಸಿಕೊಳ್ಳಿ, ಅದನ್ನು ಸುಡಬೇಡಿ, ಅದಕ್ಕೆ ಔಷಧ ಹೊಡೆಯಬೇಡಿ, ಮನೆಯವರಿಗೂ ಕೂಲಿಗೆ ಬಂದವರಿಗೂ ಅದನ್ನು ತೋರಿಸಿ ಹೇಳಿ. ಉರುಳು ಕಂಡರೆ ತೆಗೆದು ಎಸೆದು ಸುಮ್ಮನಾಗದೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ.